ಕೋರಿಕೆ ನಿಲುಗಡೆ

ಇಳಕಲ್ಲ
8 ಜುಲೈ 2024

ಮಹೇಶ್ವರಿ ಮೇಡಮ್ ಅವರಿಗೆ ಶರಣು ಶರಣಾರ್ಥಿ.

ನಾನು ವಿಜಯಮಹಾಂತೇಶ, ಇಳಕಲ್ಲ–ಬಾಗಲಕೋಟೆ ವೇಗದೂತ ಬಸ್ಸಿನ ಚಾಲಕ. ನಿಮಗೆ ನನ್ನ ಗುರುತಿಲ್ಲ. ಬಾಗಲಕೋಟೆಯಲ್ಲಿ ಪ್ರೆಸ್ಸು ಇಟ್ಟುಕೊಂಡು ಪುಸ್ತಕ ಹೊರತರುವ ಗುರಪ್ಪನವರು ನಿಮ್ಮ ವಿಳಾಸ ಕೊಟ್ಟರು. ನಾನು ಬರೆದ ಬಾಹ್ಯಾಕಾಶದ ಸಾಹಸ ಕಾದಂಬರಿ ಎಂಟು ತಿಂಗಳಿಂದ ಅವರ ಟೇಬಲ್ಲಿನ ಮೇಲೆ ಚಹಾ ಕಪ್ಪಿನ ಕೆಳಗೆ ಬಿದ್ದಿತ್ತು. ಕಳೆದ ವಾರ ಹೋಗಿ ಕೇಳಿದರೆ ಹೀಗೆ ಅಂದರು: "ತಮ್ಮಾ, ರಾಕೆಟ್ಟಿನ ಸುದ್ದಿ ನನಗ ತಿಳಿಯೂದಿಲ್ಲ. ಬಾದಾಮಿಯೊಳಗ ಕಾಲೇಜಿಗೆ ಭೌತಶಾಸ್ತ್ರ ಹೇಳೋ ಮೇಡಮ್ ಅದಾರ. ಅವರು ಹೂಂ ಅಂದ್ರ ಅಚ್ಚು ಹಾಕ್ತೇನಿ. ಊಹೂಂ ಅಂದ್ರ ನೀ ಸುಮ್ಮನ ಬಸ್ ಹೊಡಿ."

ಫೋನು ಮಾಡಬಾರದು, ನೀವು ಎತ್ತುವುದಿಲ್ಲ, ಪುಸ್ತಕದ ಮಾತು ಏನಿದ್ದರೂ ಕಾಗದದಲ್ಲೇ ಆಡುತ್ತೀರಿ ಎಂದೂ ಹೇಳಿದರು. ನನಗೂ ಅದೇ ಒಳ್ಳೆಯದು. ಡ್ಯೂಟಿಯಲ್ಲಿ ಫೋನು ಮುಟ್ಟುವಂತಿಲ್ಲ, ಬಾಯಿಂದ ಮಾತಾಡಲು ಹೋದರೆ ನನಗೆ ತಡವರಿಕೆ.

ಕಾದಂಬರಿಯ ಹೆಸರು 'ಏಳನೇ ಚಂದ್ರನ ದಾರಿ', ಪ್ರತಿ ಇದರ ಜೊತೆ ಇದೆ. ಒಂದು ವರ್ಷಕ್ಕೂ ಮೇಲೆ ಬರೆದಿದ್ದೇನೆ, ಹೆಚ್ಚಾಗಿ ಹುನಗುಂದ ಬಸ್ ಸ್ಟ್ಯಾಂಡಿನಲ್ಲಿ, ಟ್ರಿಪ್ಪು ಟ್ರಿಪ್ಪಿನ ನಡುವೆ. ಬಿಎ ಓದಿದವನು, ವಿಜ್ಞಾನ ಹತ್ತನೆಯ ಇಯತ್ತೆಗೇ ಬಿಟ್ಟೆ. ತಪ್ಪುಗಳಿದ್ದರೆ ಮುಲಾಜಿಲ್ಲದೆ ಹೇಳಿರಿ, ತಿದ್ದುತ್ತೇನೆ. ಒಂದು ವಿನಂತಿ, ಹದಿನೆಂಟನೇ ಅಧ್ಯಾಯವನ್ನು ಅವಸರ ಮಾಡದೆ ಓದಿರಿ. ಬೇಗ ಉತ್ತರ ಬರೆಯಿರಿ ಎಂದು ಕೇಳುವುದು ತಪ್ಪು. ಆದರೂ ಕೇಳುತ್ತಿದ್ದೇನೆ.

ನಿಮ್ಮ
ವಿಜಯಮಹಾಂತೇಶ


ಬಾದಾಮಿ
21 ಜುಲೈ 2024

ವಿಜಯಮಹಾಂತೇಶ ಅವರಿಗೆ ನಮಸ್ಕಾರ.

ಓದಿದೆ. ಮೊದಲು ಒಂದು ತಪ್ಪೊಪ್ಪಿಗೆ. ನಮ್ಮ ಮನೆಯ ಹಿಂದೆಯೇ ಗುಡ್ಡ. ಮಾಳಿಗೆಯ ಮೇಲೆ ಕೂತು ಓದುವಾಗ ಮಂಗವೊಂದು ಬಂದು ಹದಿನಾಲ್ಕನೇ ಅಧ್ಯಾಯದ ಎರಡು ಹಾಳೆ ಕಿತ್ತುಕೊಂಡು ಹೋಯಿತು. ಕಳ್ಳರ ಸರದಾರ ಭಾಷಣ ಬಿಗಿಯುವ ಭಾಗ ಅದು. ಅದರಿಂದ ಕತೆಗೇನೂ ನಷ್ಟವಾಗಲಿಲ್ಲ. ನೀವೂ ತೆಗೆದುಬಿಡಿ.

ಒಳ್ಳೆಯದನ್ನು ಮೊದಲು ಹೇಳುತ್ತೇನೆ. ನಿಮ್ಮ 'ಘಟಪ್ರಭಾ' ಹಡಗಿನಲ್ಲಿ ನನಗೆ ನಂಬಿಕೆ ಬಂತು. ಮುನ್ನೂರು ಜನ ಭೂಮಿ ಬಿಟ್ಟು ಎಲ್ಲೋ ಒಂದು ಚಂದ್ರನಿಗೆ ಹೊರಟಿದ್ದಾರೆ, ಆದರೂ ಕಿಟಕಿಯ ಸೀಟಿಗೆ ಜಗಳ, ಸೀಟಿನ ಮೇಲೆ ಟವೆಲ್ಲು ಹಾಕಿ ಜಾಗ ಹಿಡಿಯುವುದು, ರೊಟ್ಟಿಯ ಗಂಟು ಬಿಚ್ಚಿ ಎದುರಿನವರಿಗೆ ಕೊಡುವುದು. ಇಂಥ ಕಾದಂಬರಿಗಳಲ್ಲಿ ಜನ ಊಟವನ್ನೇ ಮಾಡುವುದಿಲ್ಲ. ನಿಮ್ಮವರು ಮಾಡುತ್ತಾರೆ. ಕ್ಯಾಪ್ಟನ್ ಕಲ್ಲಪ್ಪನ ಬೆನ್ನುನೋವು, ಅವನ ಕೆಂಗಣ್ಣು, ಎಷ್ಟೇ ದಣಿದರೂ ಮುಂದೆಯೇ ನೋಡಬೇಕಾದ ಕೆಲಸ, ಇದನ್ನೆಲ್ಲ ಗೊತ್ತಿದ್ದವರು ಮಾತ್ರ ಬರೆಯಬಲ್ಲರು. ಶನಿಯ ಉಂಗುರದ ಕಲ್ಲುಗಳ ನಡುವೆ ಅವನು ಹಡಗು ದಾಟಿಸುವ ಏಳನೇ ಅಧ್ಯಾಯ ಓದುತ್ತ ಒಲೆಯ ಮೇಲಿನ ಹಾಲು ಉಕ್ಕಿಸಿದ್ದೇನೆ. ಮೂವತ್ತು ವರ್ಷದಲ್ಲಿ ಮೊದಲ ಸಲ.

ಇನ್ನು ದೋಷಗಳು. ಬಾಹ್ಯಾಕಾಶದಲ್ಲಿ ಸ್ಫೋಟವಾದರೆ ಸದ್ದು ಕೇಳುವುದಿಲ್ಲ. ನೀವು ಒಂಬತ್ತು ಸಲ ಕೇಳಿಸಿದ್ದೀರಿ. ಡಾಕ್ಟರ್ ಹುಡುಗಿ ಆರನೇ ಅಧ್ಯಾಯದಲ್ಲಿ ಚಹಾ ತರಲು ಹೋದವಳು ಪುಸ್ತಕ ಮುಗಿದರೂ ತಿರುಗಿ ಬಂದಿಲ್ಲ. ಇವೆಲ್ಲ ಸಣ್ಣವು.

ದೊಡ್ಡದು ಹದಿನೆಂಟನೇ ಅಧ್ಯಾಯ, 'ಕೋರಿಕೆ ನಿಲುಗಡೆ'. ಕೆಟ್ಟುನಿಂತ ಪುಟ್ಟ ದೋಣಿಯೊಂದರಲ್ಲಿ ತಾಯಿ ಮಗಳು ದೀಪ ಆಡಿಸುತ್ತಾರೆ. ಕಲ್ಲಪ್ಪ ನೋಡುತ್ತಾನೆ, ಎಂಜಿನ್ ಬಂದ್ ಮಾಡುತ್ತಾನೆ, ಹಡಗು ನಿಧಾನವಾಗಿ ಉರುಳುತ್ತ ಬಂದು ಅವರ ಪಕ್ಕಕ್ಕೇ ನಿಲ್ಲುತ್ತದೆ. ಅಯ್ಯಾ, ಇದು ಬಸ್ಸು. ರಸ್ತೆಯೂ ಗಾಳಿಯೂ ತಡೆಯುವುದರಿಂದ ಬಸ್ಸು ನಿಲ್ಲುತ್ತದೆ. ಅಲ್ಲಿ ತಡೆಯಲು ಏನೂ ಇಲ್ಲ. ಎಂಜಿನ್ ಆರಿಸಿದರೂ ಘಟಪ್ರಭಾ ಅದೇ ವೇಗದಲ್ಲಿ ಹೋಗುತ್ತಲೇ ಇರುತ್ತದೆ, ತಾಯಿ ಮಗಳನ್ನು ದಾಟಿ, ಕೋಟಿ ಮೈಲಿ ದಾಟಿ. ನಿಮ್ಮ ಕಾದಂಬರಿಯ ಎದೆಯೇ ಈ ಅಧ್ಯಾಯ, ಮತ್ತು ಇದು ಸುಳ್ಳು. ಇದನ್ನು ಸರಿಪಡಿಸದೆ ನಾನು ಹೂಂ ಅನ್ನಲಾರೆ. ಗುರಪ್ಪನವರು ಸೆಪ್ಟೆಂಬರ್ ಒಳಗೆ ನನ್ನ ವರದಿ ಕೇಳಿದ್ದಾರೆ.

ಮಹೇಶ್ವರಿ


ಹುನಗುಂದ ಬಸ್ ಸ್ಟ್ಯಾಂಡ್
27 ಜುಲೈ 2024

ಮೇಡಮ್ ಅವರಿಗೆ ಶರಣು.

ನಿಮ್ಮ ಪತ್ರವನ್ನು ಮೂರು ದಿನ ಅಂಗಿಯ ಕಿಸೆಯಲ್ಲಿ ಇಟ್ಟುಕೊಂಡು ತಿರುಗಿದೆ. ಹಾಲು ಉಕ್ಕಿದ ಸಾಲನ್ನು ನಮ್ಮ ಕಂಡಕ್ಟರ್ ಲಾಡಬಿಗೂ ಓದಿ ತೋರಿಸಿದೆ. ಅವಳು ನಕ್ಕಳು. ಉಳಿದದ್ದನ್ನು ತೋರಿಸಲಿಲ್ಲ.

ನನ್ನ ಬಳಿಯ ನೋಟ್‌ಬುಕ್ಕಿನಲ್ಲಿ ಒಂಬತ್ತೂ ಸದ್ದು ತೆಗೆದೆ. ಸರದಾರನ ಭಾಷಣ ತೆಗೆದೆ, ಮಂಗಕ್ಕೆ ನನ್ನ ನಮಸ್ಕಾರ. ಡಾಕ್ಟರ್ ಹುಡುಗಿ ಮುಂದಿನ ಅಧ್ಯಾಯಕ್ಕೆ ಚಹಾ ತಂದಳು. ಇದೆಲ್ಲ ಎರಡು ದಿನದಲ್ಲಿ ಆಯಿತು. ನೀವು ಹೇಳಿದ್ದು ಯಾವುದಕ್ಕೂ ನಾನು ಅಡ್ಡ ಮಾತಾಡುವುದಿಲ್ಲ.

ಹದಿನೆಂಟು ಮಾತ್ರ ಬಿಡಿರಿ. ಅಥವಾ ಹೀಗೆ ಮಾಡೋಣ, ಹಡಗಿಗೆ ಒಂದು ಬ್ರೇಕು ಕೊಡುತ್ತೇನೆ. ಹೊಸ ನಮೂನೆಯದು, ಹೇಗೆ ಕೆಲಸ ಮಾಡುತ್ತದೆ ಎಂದು ಹೇಳುವುದೇ ಇಲ್ಲ. ಕಲ್ಲಪ್ಪ ಒತ್ತುತ್ತಾನೆ, ನಿಲ್ಲುತ್ತದೆ. ಮುನ್ನೂರು ಜನ ಚಂದ್ರನಿಗೆ ಹೋಗುತ್ತಾರೆಂದು ನಂಬಿದ ಓದುಗರು ಒಂದು ಬ್ರೇಕನ್ನು ನಂಬುವುದಿಲ್ಲವೇ? ಸಾಹಸದ ಕತೆ ಇದು, ಪರೀಕ್ಷೆಯ ಉತ್ತರ ಪತ್ರಿಕೆ ಅಲ್ಲ.

ಸಿಟ್ಟಿನಿಂದ ಬರೆದ ಹಾಗೆ ಕಂಡರೆ ಕ್ಷಮಿಸಿರಿ. ಹೊರಡುವ ಹೊತ್ತಾಯಿತು, ಲಾಡಬಿ ಕರೆಯುತ್ತಿದ್ದಾಳೆ. ಕಲ್ಲಪ್ಪ ನಿಲ್ಲಿಸಲೇಬೇಕು ಮೇಡಮ್. ಅವನು ನಿಲ್ಲಿಸದಿದ್ದರೆ ಈ ಪುಸ್ತಕ ಯಾಕೆ ಬೇಕು?

ವಿಜಯಮಹಾಂತೇಶ


ಬಾದಾಮಿ
5 ಆಗಸ್ಟ್ 2024

ವಿಜಯಮಹಾಂತೇಶ ಅವರಿಗೆ,

ಹಟಮಾರಿ ವಿದ್ಯಾರ್ಥಿಗಳೆಂದರೆ ನನಗೆ ಇಷ್ಟ, ಆದ್ದರಿಂದ ಸಿಟ್ಟು ಬಂದಿಲ್ಲ. ಆದರೆ ಬ್ರೇಕಿನ ಮಾತು ಬಿಡಿ. ಬ್ರೇಕು ಹಿಡಿಯಲು ನೆಲ ಬೇಕು. ಅಲ್ಲಿ ನೆಲ ಇಲ್ಲ.

ನಿಲ್ಲಿಸುವ ದಾರಿ ಒಂದೇ. ಹಡಗನ್ನು ಹಿಂದುಮುಂದಾಗಿ ತಿರುಗಿಸಬೇಕು, ಹಡಗು ಹೋಗುವ ದಿಕ್ಕಿಗೆ ಎಂಜಿನ್ನಿನ ಬೆಂಕಿ ಮುಖ ಮಾಡಬೇಕು, ಆಗ ವೇಗ ಇಳಿಯುತ್ತದೆ. ವೇಗ ಏರಿಸಲು ಮೂರು ದಿನ ಹಿಡಿದಿದ್ದರೆ ಇಳಿಸಲೂ ಮೂರು ದಿನ ಬೇಕು. ಅಂದರೆ ದೀಪ ಕಂಡ ಮೇಲೆ ನಿಲ್ಲಿಸಲು ಆಗುವುದಿಲ್ಲ. ನಿಲ್ಲಿಸುವವನು ಅವರು ಕಾಣುವುದಕ್ಕಿಂತ ಎಷ್ಟೋ ಮೊದಲೇ ನಿಲ್ಲಬೇಕೆಂದು ನಿಶ್ಚಯ ಮಾಡಿರಬೇಕು.

ನನ್ನ ಸಲಹೆ ಕೇಳಿ. ಕಲ್ಲಪ್ಪ ನಿಲ್ಲಿಸುವುದು ಬೇಡ. ದೀಪ ಕಾಣಲಿ, ಹಡಗು ಹಾದುಹೋಗಲಿ, ಅವನು ಎರಡು ನಿಮಿಷ ಕಣ್ಣು ಮುಚ್ಚಿ ಕೂತಿರಲಿ, ಆಮೇಲೆ ಕೆಲಸಕ್ಕೆ ತಿರುಗಲಿ. ಮುನ್ನೂರು ಜನರ ಜವಾಬ್ದಾರಿ ಇದ್ದವನು ಇಬ್ಬರ ಸಲುವಾಗಿ ಕೊರಗುತ್ತ ಕೂಡಲಾಗದು. ದೊಡ್ಡ ಯಾನಗಳಲ್ಲಿ ಇಂಥದ್ದು ನಡೆಯುತ್ತದೆ. ಓದುಗರ ಗಂಟಲು ಕಟ್ಟುತ್ತದೆ, ವಿಜ್ಞಾನವೂ ಸರಿಹೋಗುತ್ತದೆ. ಅರ್ಧ ಪುಟದ ಕೆಲಸ. ಭಾನುವಾರ ಕೂತರೆ ಮುಗಿಯಿತು.

ಮಹೇಶ್ವರಿ


ಇಳಕಲ್ಲ
9 ಆಗಸ್ಟ್ 2024

ಮೇಡಮ್,

ನನ್ನ ಕೈಬರಹದ ಪ್ರತಿಯನ್ನು ತಿರುಗಿ ಕಳಿಸಿರಿ. ಅಚ್ಚು ಹಾಕಿಸುವುದಿಲ್ಲ. ತಮಗೆ ತೊಂದರೆ ಕೊಟ್ಟೆ.

ವಿಜಯಮಹಾಂತೇಶ


ಬಾದಾಮಿ
2 ಸೆಪ್ಟೆಂಬರ್ 2024

ವಿಜಯಮಹಾಂತೇಶ ಅವರಿಗೆ,

ನಿಮ್ಮ ಕಾರ್ಡು ಬಂದು ಮೂರು ವಾರವಾಯಿತು. ನಾಲ್ಕು ಸಾಲು ಗೀಚಿ ಕಳಿಸಿದರೆ ನಾನು ಗಾಬರಿಯಾಗಿ ಪ್ರತಿ ಕಟ್ಟಿ ಕಳಿಸುತ್ತೇನೆ ಎಂದುಕೊಂಡಿರಾ? ನೀವೇ ತಣ್ಣಗಾಗಿ ಬರೆಯುತ್ತೀರಿ ಎಂದು ಕಾದೆ. ಬರೆಯಲಿಲ್ಲ.

ಹೊಗಳಿದರೆ ಕಿಸೆಯಲ್ಲಿಟ್ಟು ತಿರುಗುವುದು, ತಪ್ಪು ತೋರಿಸಿದರೆ ಮುನಿಸಿಕೊಂಡು ಎದ್ದುಹೋಗುವುದು, ಇದನ್ನು ಎಷ್ಟೋ ಲೇಖಕರಲ್ಲಿ ಕಂಡಿದ್ದೇನೆ. ಮುಲಾಜಿಲ್ಲದೆ ಹೇಳಿರಿ ಎಂದು ನೀವೇ ಬರೆದಿದ್ದಿರಿ. ಹೇಳಿದೆ. ಈಗ ಸೊಕ್ಕು ಅಡ್ಡ ಬಂತು.

ಅದಕ್ಕೇ ಇಂದು ಬೆಳಿಗ್ಗೆ ಗುರಪ್ಪನವರಿಗೆ ವರದಿ ಹಾಕಿದೆ. ಕಾದಂಬರಿಯಲ್ಲಿ ಜೀವವಿದೆ, ಆದರೆ ಮುಖ್ಯ ಪ್ರಸಂಗವೇ ವಿಜ್ಞಾನಕ್ಕೆ ವಿರುದ್ಧ, ಲೇಖಕರು ತಿದ್ದಲು ಸಿದ್ಧರಿಲ್ಲ, ಈ ರೂಪದಲ್ಲಿ ಅಚ್ಚಿಗೆ ತಕ್ಕುದಲ್ಲ ಎಂದು ಬರೆದಿದ್ದೇನೆ. ನಿಮ್ಮ ಪ್ರತಿ ನನ್ನ ಬಳಿಯೇ ಇದೆ. ಯಾಕೋ ಕಟ್ಟಲು ಮನಸ್ಸಾಗಿಲ್ಲ. ಈ ವಾರ ಕಳಿಸುತ್ತೇನೆ.

ಮಹೇಶ್ವರಿ


ಇಳಕಲ್ಲ
3 ಸೆಪ್ಟೆಂಬರ್ 2024

ಅಕ್ಕಾರ,

ಸಾಲೆಯಲ್ಲಿ ನಮಗೆ ಕಲಿಸಿದ ಹೆಣ್ಣುಮಕ್ಕಳನ್ನು ಹಾಗೇ ಕರೆಯುತ್ತಿದ್ದೆವು. ಇವತ್ತು ಮೇಡಮ್ ಎಂದು ಬರೆಯಲು ಕೈ ಬರಲಿಲ್ಲ. ಪ್ರತಿ ಕೇಳಿ ಕಾರ್ಡು ಹಾಕಿದ ದಿನದಿಂದ ನನಗೆ ಸಮಾಧಾನವಿಲ್ಲ. ನೀವು ಮೂರು ವಾರ ಸುಮ್ಮನಿದ್ದೀರಿ, ಬೇಜಾರಾಗಿರಬೇಕು. ಕಾರಣ ಹೇಳದೆ ಎದ್ದುಬಂದದ್ದು ತಪ್ಪು. ಹೇಳುತ್ತೇನೆ.

ಎರಡು ವರ್ಷದ ಹಿಂದೆ, ಆಗಸ್ಟ್ ತಿಂಗಳು, ಮಧ್ಯಾಹ್ನ. ಹುನಗುಂದ ಬಿಟ್ಟಾಗಲೇ ಹನ್ನೊಂದು ನಿಮಿಷ ತಡವಾಗಿತ್ತು. ಬಾಗಲಕೋಟೆಯಲ್ಲಿ ರೈಲು ಹಿಡಿಯುವವರು ಹತ್ತು ಹನ್ನೆರಡು ಮಂದಿ ಇದ್ದರು, ಹಿಂದಿನಿಂದ ಕೂಗುತ್ತಿದ್ದರು. ನಿಲ್ಲಬಾರದ ಕಡೆ ನಿಲ್ಲಿಸಿ ತಡ ಮಾಡಿದ್ದಕ್ಕೆ ಅದರ ಹಿಂದಿನ ವಾರವೇ ನನಗೆ ಮೆಮೊ ಬಂದಿತ್ತು. ನಮ್ಮದು ವೇಗದೂತ. ಬೇವೂರಿನ ಆಚೆ ಹೊಲದ ದಾರಿಯೊಂದು ಬಂದು ಕೂಡುತ್ತದೆ, ಅಲ್ಲಿ ನಮಗೆ ಸ್ಟಾಪಿಲ್ಲ. ಅಲ್ಲಿ ಒಬ್ಬ ಹುಡುಗಿ ಕೈ ಮಾಡಿದಳು. ಅವಳ ಹಿಂದೆ ಬೇವಿನ ಗಿಡಕ್ಕೆ ಆನಿಸಿ ಒಬ್ಬ ಹೆಣ್ಣುಮಗಳನ್ನು ಕೂಡಿಸಿದ್ದಳು. ಆಕೆಯ ತಲೆ ಒಂದು ಕಡೆ ವಾಲಿತ್ತು.

ಅವರು ಗಿಡದ ಮರೆಯಲ್ಲಿದ್ದರು. ನನಗೆ ಕಂಡಾಗ ಹಾದುಹೋಗಿಯಾಗಿತ್ತು. ಬ್ರೇಕು ಹಾಕುವ ಹೊತ್ತು ಮೀರಿತ್ತು. ಕನ್ನಡಿಯಲ್ಲಿ ನೋಡಿದೆ. ಹುಡುಗಿ ಓಡಿಬರುತ್ತಿದ್ದಳು. ಒಂದು ಚಪ್ಪಲಿ ಕಳಚಿ ಬಿತ್ತು, ಆದರೂ ಓಡಿದಳು. ತಿರುವು ಬಂತು, ಆಮೇಲೆ ಕಾಣಲಿಲ್ಲ.

ಆ ಹೆಣ್ಣುಮಗಳು ಉಳಿದಳೋ ಇಲ್ಲವೋ ನನಗೆ ಗೊತ್ತಿಲ್ಲ. ಯಾರನ್ನೂ ಕೇಳಲಿಲ್ಲ. ದಿನಕ್ಕೆ ಎರಡು ಸಲ ಆ ಜಾಗ ದಾಟುತ್ತೇನೆ, ಗಿಡ ಎಡಕ್ಕಿದ್ದಾಗ ಬಲಗಡೆ ನೋಡುತ್ತೇನೆ, ಬಲಕ್ಕಿದ್ದಾಗ ಎಡಗಡೆ. ಅದೇ ತಿಂಗಳು ನೋಟ್‌ಬುಕ್ಕು ತಂದು ಕಾದಂಬರಿ ಶುರು ಮಾಡಿದೆ. ಮೊದಲು ಬರೆದದ್ದೇ ಹದಿನೆಂಟನೇ ಅಧ್ಯಾಯ. ಉಳಿದ ಮುನ್ನೂರು ಪುಟ ಅದಕ್ಕೆ ದಾರಿ ಮಾಡಿಕೊಡಲು ಬರೆದದ್ದು. ಹಾದುಹೋಗಲಿ ಬಿಡಿ, ಅರ್ಧ ಪುಟದ ಕೆಲಸ ಎಂದು ನೀವು ಬರೆದಿರಿ. ನನಗೆ ಆ ಅರ್ಧ ಪುಟ ಬರೆಯಲು ಆಗುವುದಿಲ್ಲ ಅಕ್ಕಾರ.

ವಿಜಯಮಹಾಂತೇಶ


ಬಾದಾಮಿ
7 ಸೆಪ್ಟೆಂಬರ್ 2024

ತಮ್ಮಾ ವಿಜಯಮಹಾಂತೇಶ,

ನಮ್ಮಿಬ್ಬರ ಪತ್ರಗಳು ದಾರಿಯಲ್ಲಿ ಎದುರುಬದುರಾದವು. ನನ್ನದು ಈಗಾಗಲೇ ನಿನ್ನ ಕೈ ಸೇರಿರುತ್ತದೆ. ಅದರಲ್ಲಿ ಸೊಕ್ಕು ಎಂಬ ಮಾತು ಬರೆದಿದ್ದೇನೆ. ಅದನ್ನು ಹಿಂದಕ್ಕೆ ತೆಗೆದುಕೊಳ್ಳಲು ಬರುವಂತಿದ್ದರೆ ಇಳಕಲ್ಲಿನ ತನಕ ನಡೆದು ಬರುತ್ತಿದ್ದೆ. ನಾಚಿಕೆಯಾಗಿದೆ ನನಗೆ.

ನಮ್ಮ ಮೌಲ್ಯಮಾಪನದಲ್ಲಿ ಒಂದು ನಿಯಮವಿದೆ. ಕೊನೆಯ ಉತ್ತರ ತಪ್ಪಿದ್ದರೂ ಲೆಕ್ಕ ಮಾಡಿದ ಒಂದೊಂದು ಹಂತಕ್ಕೂ ಅಂಕ ಕೊಡಬೇಕು. ಮೂವತ್ತು ವರ್ಷ ಸಾವಿರಾರು ಮಕ್ಕಳಿಗೆ ಕೊಟ್ಟಿದ್ದೇನೆ. ನಿನಗೆ ಕೊಡಲಿಲ್ಲ. ಉತ್ತರ ನೋಡಿದೆ, ಕೆಂಪು ಗೆರೆ ಎಳೆದೆ. ಇಂಥ ಉತ್ತರ ಯಾಕೆ ಬರೆದ ಎಂದು ಕೇಳಲಿಲ್ಲ.

ನಿನ್ನೆ ಗುರಪ್ಪನವರಿಗೆ ಫೋನು ಮಾಡಿದೆ, ನಾನಾಗಿಯೇ. ಅವರಿಗೆ ನಂಬಿಕೆಯಾಗದೆ ಎರಡು ಸಲ ಯಾರು ಎಂದು ಕೇಳಿದರು. ನನ್ನ ವರದಿಯನ್ನು ಪಕ್ಕಕ್ಕೆ ಇಡಿ, ಲೇಖಕರು ಹದಿನೆಂಟನ್ನು ಮತ್ತೆ ಬರೆಯುತ್ತಾರೆ, ಹೊಸ ವರದಿ ಕೊಡುತ್ತೇನೆ ಎಂದೆ. ಅಕ್ಟೋಬರ್ ಮುಗಿಯುವ ತನಕ ಕಾಯುತ್ತಾರೆ. ನಿನ್ನನ್ನು ಕೇಳದೆ ಮಾತು ಕೊಟ್ಟಿದ್ದೇನೆ, ಬೈದುಕೊ.

ನೀನು ಬರೆದದ್ದನ್ನು ಓದಿ ಒಂದು ಮಾತು ಹೇಳಬೇಕೆನಿಸಿತು. ಅದು ನಿನ್ನ ತಪ್ಪಲ್ಲ. ಅಷ್ಟು ತೂಕದ ಗಾಡಿ, ಆ ವೇಗ, ಮರೆಯಲ್ಲಿದ್ದವರು ಕಂಡಾಗ ದಾಟಿಯಾಗಿತ್ತು. ನಿಲ್ಲಿಸಲು ಸಾಧ್ಯವಿರಲಿಲ್ಲ ಎಂದ ಮೇಲೆ ನಿಲ್ಲಿಸಲಿಲ್ಲ ಎಂಬ ಆರೋಪ ನಿಲ್ಲುವುದಿಲ್ಲ. ಭೌತಶಾಸ್ತ್ರ ನಿನ್ನ ಪರವಾಗಿಯೇ ಇದೆ. ಇದನ್ನು ನೀನು ನಂಬಬೇಕು.

ಕಲ್ಲಪ್ಪನ ವಿಷಯಕ್ಕೆ ಬರುತ್ತೇನೆ. ಹಾದುಹೋಗಲಿ ಎಂದದ್ದು ಅರ್ಧ ವಿಜ್ಞಾನ. ಉಳಿದರ್ಧವನ್ನು ನಾನು ಹೇಳಿರಲಿಲ್ಲ, ಯಾಕೆಂದರೆ ಯೋಚಿಸಿಯೇ ಇರಲಿಲ್ಲ. ಹಡಗು ನಿಲ್ಲಲಾರದು, ಆದರೆ ತಿರುಗಿ ಬರಬಹುದು. ಮೂರು ದಿನ ವೇಗ ಇಳಿಸಬೇಕು, ಅಷ್ಟರಲ್ಲಿ ಬಹಳ ಮುಂದೆ ಹೋಗಿರುತ್ತದೆ, ಅಲ್ಲಿಂದ ಮತ್ತೆ ಹಿಂದಕ್ಕೆ ಬರಬೇಕು. ಎಲ್ಲ ಸೇರಿ ಏಳೆಂಟು ದಿನ. ಇಂಧನ ಖಾಲಿಯಾಗುತ್ತ ಬರುತ್ತದೆ, ಮುನ್ನೂರು ಜನ ಬೈಯುತ್ತಾರೆ, ಬಂದು ಸೇರಿದಾಗ ದೋಣಿಯಲ್ಲಿ ಏನಿರುತ್ತದೋ ಗೊತ್ತಿಲ್ಲ. ಆದರೂ ಬರಲು ಆಗುತ್ತದೆ. ಇದಕ್ಕೆ ಯಾವ ನಿಯಮವೂ ಅಡ್ಡವಿಲ್ಲ.

ನಿನ್ನ ಅಕ್ಕಾರ,
ಮಹೇಶ್ವರಿ


ಇಳಕಲ್ಲ
6 ಅಕ್ಟೋಬರ್ 2024

ಅಕ್ಕಾರಿಗೆ ಶರಣು ಶರಣಾರ್ಥಿ.

ಒಂದು ತಿಂಗಳು ಬರೆಯಲಿಲ್ಲ. ನೀವು ಹೇಳಿದ ಸಮಾಧಾನ ನನಗೆ ಹತ್ತಲಿಲ್ಲ, ಯಾಕೆಂದರೆ ಅದನ್ನು ನಾನು ಸುಳ್ಳು ಹೇಳಿ ಪಡೆದಿದ್ದೆ. ಎರಡು ಸಲ ಉತ್ತರ ಬರೆದು ಹರಿದೆ. ಕೊನೆಗೆ, ಆ ದಿನವೂ ಕಂಡಕ್ಟರ್ ಆಗಿದ್ದ ಲಾಡಬಿಯ ಮುಂದೆ ಕೂತು ಕೇಳಿದೆ, ಆ ದಿನದ ಹುಡುಗಿ ಯಾವ ಊರಿನವಳು ಇದ್ದಾಳು ಎಂದು.

ಲಾಡಬಿ ಟಿಕೇಟಿನ ಮಶೀನು ಒರೆಸುತ್ತಿದ್ದಳು. ಆ ಕೆಲಸ ಬಿಟ್ಟು ನನ್ನ ಮುಖ ನೋಡಿದಳು. "ಎರಡು ವರ್ಷ ಆತು ಅಣ್ಣಾ. ಈಗರ ಕೇಳಿದಿ." ಅವಳು ಮರುವಾರವೇ ರಜೆ ಹಾಕಿ ಹೋಗಿ ಅವರನ್ನು ನೋಡಿ ಬಂದಿದ್ದಳಂತೆ. ನಾನು ಕೇಳಲಿ ಎಂದು ಕಾದಳಂತೆ. ಹೊಲದ ದಾರಿಯಲ್ಲಿ ಎರಡು ಮೈಲಿ ಒಳಗೆ ಒಂದು ಸಣ್ಣ ಊರು, ಮನೆ ಇಂಥದ್ದು ಎಂದು ಗುರುತು ಹೇಳಿದಳು.

ಕಳೆದ ಭಾನುವಾರ ವಾರದ ರಜೆ. ಬೇರೆಯವರು ಹೊಡೆಯುವ ಬಸ್ಸಿನಲ್ಲಿ ಬೇವೂರಿಗೆ ಹೋಗಿ ಇಳಿದು ನಡೆದೆ. ಗಿಡದ ಹತ್ತಿರ ಬಂದಾಗ ತಿರುಗಿ ಹೋಗಿಬಿಡಲೇ ಅನಿಸಿತು. ಹೋಗಲಿಲ್ಲ.

ಆ ಹೆಣ್ಣುಮಗಳು ಬದುಕಿದ್ದಾಳೆ ಅಕ್ಕಾರ. ಹೆಸರು ಮಾಯವ್ವ. ಆ ದಿನ ಲಕ್ವಾ ಹೊಡೆದಿತ್ತು. ಬಲಗೈ ಎತ್ತಲು ಬರುವುದಿಲ್ಲ, ಮಾತು ತೊದಲುತ್ತದೆ. ಮೊದಲು ಕೌದಿ ಹೊಲಿಯುತ್ತಿದ್ದಳಂತೆ, ಸುತ್ತಲಿನ ನಾಲ್ಕು ಊರಿನವರು ಹಳೆಯ ಸೀರೆ ತಂದುಕೊಡುತ್ತಿದ್ದರಂತೆ. ಈಗ ಸೂಜಿ ಹಿಡಿಯುವುದು ಮಗಳು ಭಾಗ್ಯಜ್ಯೋತಿ. ತಾಯಿ ಎಡಗೈಯಿಂದ ಬಟ್ಟೆಯ ಚೂರು ಆರಿಸಿಕೊಡುತ್ತಾಳೆ.

ನಾನು ಯಾರೆಂದು ಹೇಳಿದೆ. ತಡವರಿಸದೆ ಹೇಳಿದೆ. ಭಾಗ್ಯಜ್ಯೋತಿ ಹೊಲಿಗೆ ನಿಲ್ಲಿಸಲಿಲ್ಲ. ಒಂದೇ ಸವನೆ ಮಾತಾಡಿದಳು:

"ಬಸ್ಸಿನ ಹಿಂದ ಕೆಂಪ ದೀಪ ಹತ್ತಿದ್ವರಿ. ನಿಲ್ಲಿಸಿದ್ರಿ ಅಂತ ಅವ್ವನ್ನ ಅಲ್ಲೇ ಬಿಟ್ಟು ಓಡಿದೆ. ಅದ ಹೊತ್ತಿಗೆ ಹೊಲದ ಕಡಿಂದ ಒಂದು ಟ್ರ್ಯಾಕ್ಟರ್ ಬಂತು, ಹುನಗುಂದದ ಕಡೆ ಹೊಂಟಿತ್ತು. ಗಿಡದ ಹತ್ರ ಯಾರೂ ಕೈ ಮಾಡ್ಲಿಲ್ಲ, ಅದೂ ಹೋತು. ಆಮ್ಯಾಲ ಒಂದೂವರೆ ತಾಸು ಯಾವ ಗಾಡಿನೂ ನಿಲ್ಲಲಿಲ್ಲ. ನೀವು ಸುಮ್ಮನ ಹೋಗಿದ್ರ ನಾ ಟ್ರ್ಯಾಕ್ಟರ್ ಹಿಡೀತಿದ್ದೆ."

ಕೆಂಪು ದೀಪ ಹತ್ತಿದ್ದು ಖರೆ. ನಿಮಗೆ ಬರೆಯದೆ ಬಿಟ್ಟದ್ದು ಇದೇ. ಅವರು ಗಿಡದ ಮರೆಯಲ್ಲಿರಲಿಲ್ಲ. ದೂರದಿಂದಲೇ ಕಂಡಿದ್ದರು. ಲಾಡಬಿ ನಿಲ್ಲಿಸು ಎಂದು ಒಂದು ಸೀಟಿ ಹೊಡೆದಳು, ನಾನು ಬ್ರೇಕಿನ ಮೇಲೆ ಕಾಲಿಟ್ಟೆ, ಬಸ್ಸು ಬಗ್ಗಿತು. ಹಿಂದಿನಿಂದ ಯಾರೋ ರೈಲು ಎಂದು ಕೂಗಿದರು. ಗಡಿಯಾರ ನೋಡಿದೆ. ಮೆಮೊ ನೆನಪಾಯಿತು. ಕಾಲು ತೆಗೆದೆ. ಅಷ್ಟೇ ಅಕ್ಕಾರ, ಮೂರು ಸೆಕೆಂಡು. ನಿಲ್ಲಿಸಲು ಸಾಧ್ಯವಿತ್ತು. ಭೌತಶಾಸ್ತ್ರ ನನ್ನ ಪರವಾಗಿ ಇಲ್ಲ.

ಮಾಯವ್ವ ಏನೋ ಅಂದಳು, ನನಗೆ ತಿಳಿಯಲಿಲ್ಲ. ಮಗಳು ಬಿಡಿಸಿ ಹೇಳಿದಳು, ಉಂಡು ಹೋಗು ಅಂತಾಳ ಎಂದು. ಉಂಡೆ. ಭಾಗ್ಯಜ್ಯೋತಿ ರೊಟ್ಟಿ ನೀಡಿದಳು, ಮುಖ ನೋಡಲಿಲ್ಲ. ಹೊರಡುವಾಗ ಆ ಹೊಲದ ದಾರಿಗೆ, ಕೈ ಮಾಡಿದರೆ ಬಸ್ಸು ನಿಲ್ಲುವಂಥ ಕೋರಿಕೆ ನಿಲುಗಡೆ ಕೊಡಬೇಕೆಂದು ಊರವರ ಸಹಿ ಕೇಳಿದೆ. ಮೊದಲ ಸಹಿ ಅವಳೇ ಹಾಕಿದಳು. ಮರುದಿನ ಡಿಪೊದಲ್ಲಿ ಅರ್ಜಿ ಕೊಟ್ಟೆ. ಜೊತೆಗೆ ಆ ದಿನ ನಡೆದದ್ದನ್ನೂ ಬರೆದು ಕೊಟ್ಟೆ. ಏನು ಮಾಡುತ್ತಾರೋ ಮಾಡಲಿ.

ಹದಿನೆಂಟನ್ನು ಮತ್ತೆ ಬರೆದಿದ್ದೇನೆ, ಇದರ ಜೊತೆ ಇದೆ. ಕಲ್ಲಪ್ಪನಿಗೆ ದೋಣಿಯ ಸುದ್ದಿ ಮೂರು ದಿನ ಮೊದಲೇ ರೇಡಿಯೊದಲ್ಲಿ ಬರುತ್ತದೆ. ಹಡಗು ತಿರುಗಿಸಿ ಎಂಜಿನ್ ಹೊತ್ತಿಸುತ್ತಾನೆ, ಬೆಂಕಿ ದೋಣಿಯ ಕಡೆ ಮುಖ ಮಾಡುತ್ತದೆ. ಆಮೇಲೆ ವೇಳಾಪಟ್ಟಿ ನೋಡಿ ಆರಿಸುತ್ತಾನೆ. ಆ ಬೆಂಕಿ ಕಂಡ ತಾಯಿ ಮಗಳು ಇನ್ನೊಂದು ಹಡಗನ್ನು ಕೂಗದೆ ಬಿಡುತ್ತಾರೆ. ಹಾದುಹೋಗಿ, ಕೊನೆಗೆ ಅವನು ತಿರುಗಿ ಬರುತ್ತಾನೆ. ಎಲ್ಲ ಸರಿ ಇದೆಯೇ, ನೋಡಿರಿ.

ವಿಜಯಮಹಾಂತೇಶ


ಬಾದಾಮಿ
14 ಅಕ್ಟೋಬರ್ 2024

ತಮ್ಮಾ,

ಕೆಂಪು ಪೆನ್ನು ಹಿಡಿದೇ ಓದಲು ಕೂತೆ. ಬೆಂಕಿಯ ದಿಕ್ಕು ಸರಿ ಇದೆ. ಅದು ಅಷ್ಟು ದೂರದಿಂದ ಅವರಿಗೆ ಕಾಣುವುದೂ ಸರಿ. ದಿನಗಳ ಲೆಕ್ಕ ಸರಿ. ಹನ್ನೆರಡು ಪುಟದಲ್ಲಿ ವಿಜ್ಞಾನದ ಒಂದು ತಪ್ಪೂ ಸಿಗಲಿಲ್ಲ.

ಆದರೂ ಒಂದು ಕಡೆ ಗೆರೆ ಎಳೆದಿದ್ದೇನೆ. ಕೊನೆಯ ಸಾಲು. ಅಲ್ಲಿ ಹುಡುಗಿ ಕಲ್ಲಪ್ಪನ ಕೈ ಹಿಡಿದು, ನೀವು ಬಂದಿರಲ್ಲ ಅಷ್ಟೇ ಸಾಕು ಅನ್ನುತ್ತಾಳೆ. ಈ ಮಾತನ್ನು ಭಾಗ್ಯಜ್ಯೋತಿ ನಿನಗೆ ಹೇಳಿಲ್ಲ. ಎಂಜಿನ್ ಆರಿಸಿದರೆ ಹಡಗು ನಿಂತ ಹಾಗೆಯೇ ಇದೂ ಸುಳ್ಳು. ತೆಗೆ.

ಕಠಿಣ ಮಾತು ಎಂದು ಗೊತ್ತು. ನೀನು ಇಷ್ಟು ದೂರ ಬಂದಿರುವುದರಿಂದಲೇ ಹೇಳಲು ಧೈರ್ಯ ಬಂತು. ಮುಖ ನೋಡದೆ ರೊಟ್ಟಿ ನೀಡಿದಳು ಎಂದು ನನಗೆ ಬರೆದೆಯಲ್ಲ, ಅಷ್ಟನ್ನೇ ಅಲ್ಲಿ ಬರೆ. ಗುರಪ್ಪನವರಿಗೆ ಹೂಂ ಎಂದು ಬರೆದು ಲಕೋಟೆ ಅಂಟಿಸಿ ಇಟ್ಟಿದ್ದೇನೆ. ನಿನ್ನ ಉತ್ತರ ಬಂದ ದಿನ ಡಬ್ಬಿಗೆ ಹಾಕುತ್ತೇನೆ.

ಮಹೇಶ್ವರಿ


ಹುನಗುಂದ ಬಸ್ ಸ್ಟ್ಯಾಂಡ್
29 ಅಕ್ಟೋಬರ್ 2024

ಅಕ್ಕಾರ,

ಆ ಸಾಲು ತೆಗೆದಿದ್ದೇನೆ. ಎಂಟು ದಿನ ಹಿಡಿಯಿತು. ಲಕೋಟೆ ಹಾಕಿರಿ.

ಡಿಪೊದಲ್ಲಿ ವಿಚಾರಣೆ ನಡೆಯುತ್ತಿದೆ, ಸದ್ಯಕ್ಕೆ ಗಾಡಿ ನನ್ನ ಕೈಯಲ್ಲೇ ಇದೆ. ನಿಲುಗಡೆ ಮಂಜೂರಾಯಿತು. ಬೇವಿನ ಗಿಡದ ಕೆಳಗೆ ನಿನ್ನೆ ಬೋರ್ಡು ನೆಟ್ಟರು.

ಇವತ್ತು ಮಧ್ಯಾಹ್ನ ಭಾಗ್ಯಜ್ಯೋತಿ ಅಲ್ಲಿ ನಿಂತಿದ್ದಳು, ಬಗಲಲ್ಲಿ ಕೌದಿಯ ಗಂಟು. ದೂರದಿಂದಲೇ ಕಂಡಳು. ಅವಳು ಕೈ ಮಾಡುವ ಮೊದಲೇ ಬ್ರೇಕು ಹಾಕಿ ಪೂರ್ತಿ ನಿಲ್ಲಿಸಿದೆ. ಲಾಡಬಿ ಬಾಗಿಲು ತೆರೆದು ಹತ್ತವ್ವಾ ಅಂದಳು. ಭಾಗ್ಯಜ್ಯೋತಿ ಒಳಗೆ ಇಣುಕಿ ನನ್ನನ್ನು ನೋಡಿದಳು, ಮೊದಲ ಸಲ ನೇರವಾಗಿ. "ನೀವು ಹೋಗ್ರಿ. ನಾ ಹಿಂದ ಬರೋ ಬಸ್ಸಿಗೆ ಬರ್ತೇನಿ."

ಲಾಡಬಿ ಬಾಗಿಲು ಹಾಕಿ ಎರಡು ಸೀಟಿ ಹೊಡೆದಳು. ಹೊರಟೆ. ಕನ್ನಡಿಯಲ್ಲಿ ನೋಡಿದೆ, ಅವಳು ಗಂಟು ಕೆಳಗಿಟ್ಟು ನೆರಳಿಗೆ ಸರಿದು ನಿಂತಳು.

ನಾಳೆಯೂ ಅಲ್ಲಿ ನಿಲ್ಲಿಸುತ್ತೇನೆ.

ವಿಜಯಮಹಾಂತೇಶ